ಕಂಬ ಹಿಡಿದು ನಿಂತವರು

ಇದು ಎಲ್ಲೋ ಕೇಳಿದ್ದಲ್ಲ, ಓದಿದ್ದೂ ಅಲ್ಲ. ನಮ್ಮ ದೊಡ್ಡಪ್ಪನ ಮಗಳಿಗೇ ಆಗಿದ್ದು. ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಮಧ್ಯ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ, ಮೊದಲೇ ಹೇಳಿರ್ತೀನಿ.

ಶನಿವಾರ ರಾತ್ರಿ. ಒಂಬತ್ತೂವರೆ ದಾಟಿತ್ತು. ಅಕ್ಕ ಅಂಗಡಿ ಶಟರ್ ಎಳೆದು ಮನೆ ಕಡೆ ಹೊರಟಿದ್ಲು. ಅವಳದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪು, ಫ್ಯಾನು ತಂದುಕೊಟ್ರೆ ಹೊಸ ತಂತಿ ಸುತ್ತಿ ಕೊಡ್ತಾಳೆ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ವೈಂಡಿಂಗ್ ಅಕ್ಕ. ಮನೆಗೆ ಎರಡು ದಾರಿ. ದೊಡ್ಡ ರಸ್ತೆ ಹಿಡಿದ್ರೆ ಕಾಲು ಗಂಟೆ. ಹಿಂದಿನ ಬಯಲು ದಾಟಿದ್ರೆ ಐದೇ ನಿಮಿಷ. ಆ ಬಯಲಲ್ಲಿ ಒಂದು ಬಾವಿ, ಪಕ್ಕದಲ್ಲಿ ಒಂದು ಕಂಬ. ಬಾವಿ ನೀರು ಬತ್ತಿ ಯಾವ ಕಾಲವೋ ಆಯ್ತು, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಎಂಟು ತಿಂಗಳಿಂದ ಕತ್ತಲಾದ ಮೇಲೆ ಆ ಕಡೆ ಒಂದು ನರಪಿಳ್ಳೆ ಸುಳೀತಿರಲಿಲ್ಲ.

ತಿರುವಿನಲ್ಲಿ ಇಸ್ತ್ರಿ ಅಂಗಡಿಯವನು ಮೇಜು ಒಳಗೆ ಎಳೀತಿದ್ದ. ಅಕ್ಕ ಬಯಲಿನ ಕಡೆ ತಿರುಗಿದ್ದು ನೋಡಿ ಹತ್ತಿರ ಬಂದ.

"ಅಕ್ಕಾ... ಆ ಕಡೆಯಿಂದ ಬೇಡ."

"ಯಾಕೆ?"

"ಇವತ್ತೂ ಕೇಳಿಸ್ತು."

"ಏನು?"

ಅವನು ಬೀಗದ ಕೈಯಿಂದ ಇಸ್ತ್ರಿ ಪೆಟ್ಟಿಗೆಗೆ ಮೆಲ್ಲಗೆ ತಟ್ಟಿದ. ಟಿಂಗ್... ಟಿಂಗ್...

"ಪೈಪಿಗೆ ಸ್ಪ್ಯಾನರ್ ತಟ್ಟೋರಲ್ಲ ನಿಮ್ಮಪ್ಪ... ಹಾಗೇ," ಅಂತ ಪಿಸುಗುಟ್ಟಿದ.

"ತಟ್ಟಿದ್ರೆ ತಟ್ಟಲಿ ಬಿಡು. ಕ್ಲಿಪ್ಪು ಬಿಗಿಯಾಗಿದ್ಯೋ ಇಲ್ವೋ ಅಂತ ನೋಡ್ತಿರ್ತಾರೆ," ಅಂದ್ಲು ಅಕ್ಕ. ಅಂದವಳೇ ಬಾವಿ ಪಕ್ಕದಲ್ಲೇ ನಡೆದುಹೋದ್ಲು. ಅವಳ ಸ್ವಭಾವವೇ ಹಾಗೆ. ಬೇಡ ಅಂದ್ರೆ ಮೊದಲು ಅದನ್ನೇ ಮಾಡೋದು.

ಕಂಬದ ವಿಷಯ ಹೇಳ್ಬೇಕು, ಇಲ್ಲಾಂದ್ರೆ ನಿಮಗೆ ತಲೆಬುಡ ತಿಳಿಯಲ್ಲ. ನಮ್ಮ ದೊಡ್ಡಪ್ಪನಿಗೆ ಹ್ಯಾಮ್ ರೇಡಿಯೋ ಹುಚ್ಚು. ಲೈಸೆನ್ಸ್ ತಗೊಂಡು ಮನೇಲಿ ಕೂತು ದೇಶದೇಶದವರ ಜೊತೆ ಮಾತಾಡೋದು. ಆ ಮಾತು ಆಚೆ ಹೋಗ್ಬೇಕಾದ್ರೆ ಆಂಟೆನಾ ಬೇಕು. ಬಾವಿ ಪಕ್ಕದಲ್ಲಿ ನೆಟ್ಟಿದ್ದ ಆ ಕಂಬವೇ ಆಂಟೆನಾ. ನಾಲ್ಕಾಳು ಎತ್ತರ, ಅಲ್ಯುಮಿನಿಯಂ ಪೈಪಿನೊಳಗೆ ಪೈಪು, ಪೈಪು ಜಾರದ ಹಾಗೆ ಕಚ್ಚಿ ಹಿಡಿಯೋ ಕ್ಲಿಪ್ಪು, ನಡುನಡುವೆ ಲೋಟದಷ್ಟು ದಪ್ಪದ ತಂತಿ ಸುರುಳಿ. ಬುಡದಿಂದ ಸುತ್ತ ನೆಲದಲ್ಲಿ ಛತ್ರಿ ಕಡ್ಡಿ ಥರ ತಂತಿ ಹೂತಿದ್ದಾರೆ. ಒಂದೇ ಕಂಬ, ಐದು ಬ್ಯಾಂಡು, ಅಂದ್ರೆ ಐದು ಥರದ ರೇಡಿಯೋ ಅಲೆ. ಒಂದೊಂದು ಬ್ಯಾಂಡಿಗೂ ಪೈಪಿನ ಉದ್ದ ಸರಿಯಾಗಿ ಕೂಡಿಸ್ಬೇಕು, ಬೆರಳಗಲ ಹೆಚ್ಚುಕಮ್ಮಿ ಆದ್ರೂ ಕೆಟ್ಟಿತು. ಸರಿಯಾಗಿದ್ಯಾ ಅಂತ ಹೇಳೋಕೆ ಕೈಯಲ್ಲೊಂದು ಮೀಟರು. ಅಂಕಿ ಒಂದೂವರೆ ಒಳಗಿದ್ರೆ ಸರಿ. ಮೂರು ದಾಟಿದ್ರೆ ರೇಡಿಯೋನೇ ಸುಟ್ಟುಹೋಗುತ್ತೆ.

ಹಿಂದೊಮ್ಮೆ ನಾಲ್ಕು ದಿನ ಫೋನು, ಕರೆಂಟು ಎರಡೂ ಸತ್ತಿದ್ದಾಗ ದೊಡ್ಡಪ್ಪನ ಬ್ಯಾಟರಿ ರೇಡಿಯೋದಿಂದಲೇ ಕಾಲನಿ ಸುದ್ದಿ ಹೊರಗೆ ಹೋಗಿದ್ದು. ಆ ಮರ್ಯಾದೆಗೆ ಕಾಲನಿ ಕಮಿಟಿಯವರು ಬಯಲಲ್ಲಿ ಕಂಬಕ್ಕೆ ಜಾಗ ಬಿಟ್ಟಿದ್ರು.

ಆ ಕಂಬದ ಬುಡದ ಬೋಲ್ಟು ಸವೆದುಹೋಗಿ ಕಂಬ ತೂಗಾಡ್ತಿತ್ತು. ಹೊಸ ಬೋಲ್ಟು ಹಾಕಿಸೋ ಬದಲು ದೊಡ್ಡಪ್ಪ ಮಗಳನ್ನ ನಿಲ್ಲಿಸಿದ್ರು. "ನೆಟ್ಟಗೆ ಹಿಡ್ಕೋ." ಅವಳಿಗೆ ಆಗ ಎಂಟು ವರ್ಷ. ಅಲ್ಲಿಂದ ಇಪ್ಪತ್ತು ವರ್ಷ ಹಿಡಿದ್ಲು. ಕೇಬಲ್ಲಿನ ಆ ತುದೀಲಿ ಮೀಟರ್ ಹಿಡ್ಕೊಂಡು ಅವರು, ಈ ತುದೀಲಿ ಕಂಬ ತಬ್ಬಿಕೊಂಡು ಇವಳು. ನೋಡೋಕೆ ಬಂದವರಿಗೆಲ್ಲ ದೊಡ್ಡಪ್ಪ ಗದರೋರು: "ಹತ್ತು ಹೆಜ್ಜೆ ಹಿಂದೆ. ಮನುಷ್ಯರ ಮೈ ಹತ್ತಿರ ಇದ್ರೆ ಆಂಟೆನಾ ಸುಳ್ಳು ಹೇಳುತ್ತೆ." ಮಾತು ನಿಜವೇ, ಬೇಕಾದ್ರೆ ತಿಳಿದೋರನ್ನ ಕೇಳಿ.

ಮೈಕು ಮಾತ್ರ ಮುಟ್ಟೋ ಹಾಗಿರಲಿಲ್ಲ. "ಲೈಸೆನ್ಸ್ ಇಲ್ಲದೋರು ಮಾತಾಡಬಾರದು." ಸರಿ, ಪರೀಕ್ಷೆ ಕಟ್ತೀನಿ ಅಂದ್ರೆ, "ನಿನಗ್ಯಾಕೆ ಅದು? ಹಿಡ್ಕೊಳ್ಳೋರು ಯಾರು ಆಮೇಲೆ?" ಮಾತು ಅಲ್ಲಿಗೆ ಮುಗೀತು.

ಎಂಟು ತಿಂಗಳ ಹಿಂದೆ, ಸ್ಪ್ಯಾನರ್ ಕೈಯಲ್ಲಿರೋ ಹಾಗೇ ದೊಡ್ಡಪ್ಪ ಆ ಕಂಬದ ಬುಡದಲ್ಲೇ ಕುಸಿದು ಹೋಗಿಬಿಟ್ರು. ಅಕ್ಕ ಅತ್ತಳು. ಅತ್ತು, ಪರೀಕ್ಷೆ ಕಟ್ಟಿದ್ಲು. ಪಾಸಾದ್ಲು. ಮೂರು ವಾರದ ಹಿಂದೆ ಲೈಸೆನ್ಸ್ ಬಂತು. ರೇಡಿಯೋದಲ್ಲಿ ಕರೆಯೋಕೆ ಅವಳದೇ ಕರೆಗುರುತು, ಅವಳದೇ ಹೆಸರು. ಆದ್ರೆ ಒಂದು ಮಾತೂ ಗಾಳಿಗೆ ಬಿಟ್ಟಿರಲಿಲ್ಲ, ಯಾಕಂದ್ರೆ ಆಂಟೆನಾ ಕೂಡ್ತಿರಲಿಲ್ಲ. ದೊಡ್ಡಪ್ಪ ಪೈಪುಗಳ ಮೇಲೆ ಕೆಂಪು ಪೇಂಟಲ್ಲಿ ಗುರುತು ಹಾಕಿಟ್ಟಿದ್ರು. ಅವಳು ಬುಡಕ್ಕೆ ಹೊಸ ಬೋಲ್ಟು ಹಾಕಿ, ಆ ಗುರುತಿಗೇ ಕೂಡಿಸಿದ್ರೂ ಮೀಟರು ಮೂರರ ಮೇಲೇ ಕೂರ್ತಿತ್ತು. ಅವರ ಕಾಲದಲ್ಲಿ ರೇಡಿಯೋ ಪಕ್ಕ ಒಂದು ಟ್ಯೂನರ್ ಪೆಟ್ಟಿಗೆ ಇತ್ತು, ಆಂಟೆನಾ ಸೊಟ್ಟಗಿದ್ರೂ ಅದು ಸರಿದೂಗಿಸ್ತಿತ್ತು. ಅದೂ ಅವರು ಹೋದ ತಿಂಗಳೇ ಸುಟ್ಟುಹೋಗಿತ್ತು.

ಕಮಿಟಿ ಸೆಕ್ರೆಟರಿ ಬಂದು ನೋಡಿದ್ರು. ಕೆಟ್ಟ ಮನುಷ್ಯ ಅಲ್ಲ, ಆದ್ರೆ ಬಾವಿ ಹತ್ರ ದೆವ್ವ ಇದೆ ಅಂತ ದಿನಾ ಹತ್ತು ಜನ ಬಂದು ಅವರ ಕಿವಿ ಕಚ್ತಿದ್ರು. "ಗುರುತೇ ತಪ್ಪಿರಬೇಕು ಸಾರ್" ಅಂದ್ಲು ಅಕ್ಕ. "ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ," ಅಂದ್ರು ಸೆಕ್ರೆಟರಿ. "ನೋಡಮ್ಮ, ಕೆಲಸ ಮಾಡೋದಾದ್ರೆ ಇರಲಿ. ಭಾನುವಾರ ಬೆಳಗ್ಗೆ ಏಳಕ್ಕೆ ಬರ್ತೀವಿ. ಐದೂ ಬ್ಯಾಂಡಲ್ಲಿ ಅಂಕಿ ಸರಿ ತೋರಿಸು. ಇಲ್ಲಾಂದ್ರೆ ವೆಲ್ಡಿಂಗ್‌ನವನು ಜೊತೇಲೇ ಇರ್ತಾನೆ, ಬುಡಕ್ಕೆ ಕತ್ತರಿಸ್ತೀವಿ." ಬೇರೆ ಕಡೆ ನೆಡೋಣ ಅಂದ್ರೆ ಜಾಗ ಎಲ್ಲಿದೆ? ಒಂದೂವರೆ ಕೋಣೆ ಮನೆ, ತಲೆ ಮೇಲೆ ಬೇರೆಯವರ ಮಹಡಿ. ಕಂಬ ಹೋದ್ರೆ ಲೈಸೆನ್ಸಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋದಷ್ಟೇ.

ಇದು ಆ ಭಾನುವಾರದ ಹಿಂದಿನ ರಾತ್ರಿ.

ಮನೇಲಿ ಊಟ ಮುಗಿಸಿ ಅಕ್ಕ ಸ್ಪ್ಯಾನರು, ಟೇಪು, ಮೀಟರು ಚೀಲಕ್ಕೆ ಹಾಕಿಕೊಂಡ್ಲು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತ್ರು.

"ಹೋಗಬೇಡ ಕಣೇ... ಅವರು ಅಲ್ಲೇ ನಿಂತಿರ್ತಾರಂತೆ."

"ನಿಂತಿದ್ರೆ ಒಳ್ಳೇದೇ ಆಯ್ತು. ಸ್ಪ್ಯಾನರ್ ಎತ್ತಿಕೊಡೋಕೆ ಒಬ್ಬರು ಬೇಕಿತ್ತು."

"ಸತ್ತೋರ ಮೇಲೆ ತಮಾಷೆ ಬೇಡ."

"ಇದ್ದಾಗ ಮಾಡೋಕೆ ಬಿಡಲಿಲ್ಲವಲ್ಲಮ್ಮ," ಅಂದು ಅಕ್ಕ ಚಪ್ಪಲಿ ಮೆಟ್ಟಿದ್ಲು. ದೊಡ್ಡಮ್ಮ ಸರಿದ್ರು. ಅವಳನ್ನ ತಡೆಯೋಕೆ ಆಗಲ್ಲ ಅಂತ ಹೆತ್ತವರಿಗೆ ಗೊತ್ತಿರಲ್ವಾ.

ಹತ್ತೂವರೆಗೆ ಶುರು. ಟಾರ್ಚ್ ಬಾವಿ ಕಟ್ಟೆ ಮೇಲೆ. ಬುಡದ ಬೋಲ್ಟಿನ ಮೇಲೆ ಕಂಬ ನೆಲಕ್ಕೆ ಬಗ್ಗಿಸೋದು, ಕ್ಲಿಪ್ಪು ಸಡಿಲ ಮಾಡೋದು, ಕೆಂಪು ಗುರುತಿಗೆ ಕೂಡಿಸೋದು, ಬಿಗಿಯೋದು, ಎತ್ತಿ ನಿಲ್ಲಿಸೋದು, ಹತ್ತು ಹೆಜ್ಜೆ ಹಿಂದೆ ಹೋಗಿ ಮೀಟರ್ ಒತ್ತೋದು. ಮೂರು ಪಾಯಿಂಟ್ ಎರಡು. ಮತ್ತೆ ಬಗ್ಗಿಸೋದು. ಮೂರು ಪಾಯಿಂಟ್ ಎರಡು. ಹೀಗೇ ಹನ್ನೊಂದೂವರೆ ಆಯ್ತು.

ಕಂಬ ವಾಲಿದ್ಯಾ ನೋಡೋಣ ಅಂತ ಮೀಟರು, ಕೇಬಲ್ಲು ಎಲ್ಲ ಎಳ್ಕೊಂಡೇ ಹತ್ತಿರ ಬಂದ್ಲು. ಹಳೇ ಅಭ್ಯಾಸ, ಕಂಬಕ್ಕೆ ಕೈ ಹಾಕಿದ್ಲು. ಹಾಗೇ ಮೀಟರ್ ಮೇಲೆ ಕಣ್ಣು ಹೋಯ್ತು.

ಒಂದು ಪಾಯಿಂಟ್ ಮೂರು.

ಕೈ ಬಿಟ್ಟು ದೂರ ಹೋದ್ಲು. ಮೂರು. ಬಂದು ಹಿಡಿದ್ಲು. ಒಂದು ಪಾಯಿಂಟ್ ಮೂರು... ಬಿಟ್ಟಳು, ಮೂರು.

ಅರ್ಥ ಆಯ್ತಲ್ಲ? ಆ ಕೆಂಪು ಗುರುತೆಲ್ಲ ಇವಳು ಕಂಬ ಹಿಡಿದು ನಿಂತಿದ್ದಾಗ ಹಾಕಿದ್ದು. ಇವಳ ಮೈಯೂ ಆ ಲೆಕ್ಕದಲ್ಲಿ ಸೇರಿಹೋಗಿತ್ತು. ಕಾಲನಿಯವರನ್ನೆಲ್ಲ ಹತ್ತು ಹೆಜ್ಜೆ ಹಿಂದೆ ಅಟ್ಟಿದ ಮನುಷ್ಯ, ಮಗಳನ್ನ ಮನುಷ್ಯರ ಸಾಲಿಗೇ ಸೇರಿಸಿರಲಿಲ್ಲ. ಇಪ್ಪತ್ತು ವರ್ಷ. ಒಂದು ಸಲವೂ ಅವರ ತಲೆಗೆ ಹೊಳೀಲಿಲ್ಲ. ಇವಳೂ ಕಂಬದ ಒಂದು ತುಂಡು.

ಅಕ್ಕನಿಗೆ ಕೋಪ ಬಂತು. ಎಂಥ ಕೋಪ ಅಂದ್ರೆ, ಕಣ್ಣಲ್ಲಿ ನೀರು ಬಂತು. ಕಂಬ ಬಗ್ಗಿಸಿ ಮರಳು ಕಾಗದ ತಗೊಂಡು ಕೆಂಪು ಗುರುತನ್ನ ಉಜ್ಜಿದ್ಲು. ಒಂದೂ ಬಿಡದೆ ಉಜ್ಜಿದ್ಲು. ಆಮೇಲೆ ಕೆಳಗಿನ ಪೈಪಿನಿಂದ ಹೊಸದಾಗಿ ಶುರು ಮಾಡಿದ್ಲು. ಅರ್ಧ ಬೆರಳು ಉದ್ದ ಮಾಡು, ನಿಲ್ಲಿಸು, ಹತ್ತು ಹೆಜ್ಜೆ ಹೋಗು, ನೋಡು. ಎರಡೂವರೆ. ಇನ್ನೊಂದು ಚೂರು. ಎರಡು. ಇನ್ನೊಂದು ಚೂರು... ಒಂದು ಪಾಯಿಂಟ್ ಎರಡು. ಮೊಳೆಯಿಂದ ಅಲ್ಲೇ ತನ್ನ ಗೆರೆ ಕೊರೆದ್ಲು. ಗೀರ್... ಅಂತ ಪೈಪು ಸದ್ದು ಮಾಡ್ತು.

ರಾತ್ರಿ ಎರಡೂವರೆ ಗಂಟೆ ಹೊತ್ತಿಗೆ ನಾಲ್ಕು ಬ್ಯಾಂಡು ಸರಿಯಾದವು. ಐದನೇದು ತುತ್ತತುದಿ ಕಡ್ಡಿ. ಅದನ್ನ ಎಳೆದು ಬಿಗಿದು, ಕಂಬ ಎತ್ತಿ, ಹತ್ತು ಹೆಜ್ಜೆ ಬಂದು ಒತ್ತಿದ್ಲು.

ಮೂರು.

ನಾಲ್ಕನೇ ಬ್ಯಾಂಡ್ ನೋಡಿದ್ಲು. ಮೂರು. ಈಗ ತಾನೇ ಸರಿ ಇದ್ದ ಒಂದನೇದು... ಅದೂ ಮೂರು.

ಕೆಲಸ ಗೊತ್ತಿದ್ದೋರು ಮೊದಲು ದೆವ್ವ ಅನ್ನಲ್ಲ. ಲೂಸ್ ಕನೆಕ್ಷನ್ ಅಂತಾರೆ. ಅಕ್ಕ ಕನೆಕ್ಟರ್ ಬಿಚ್ಚಿ ಒರೆಸಿ ಹಾಕಿದ್ಲು. ಕೇಬಲ್ ಉದ್ದಕ್ಕೂ ಬೆರಳಾಡಿಸಿದ್ಲು. ಎಲ್ಲ ಸರಿ ಇತ್ತು. ಆಮೇಲೆ ಅಂಕಿ ಯಾಕೆ ಕೆಟ್ಟಿದೆ, ಯಾವ ಕಡೆ ಸರಿದಿದೆ ಅಂತ ಮೀಟರ್ ತಿರುಗಿಸಿ ತಿರುಗಿಸಿ ನೋಡಿದ್ಲು. ಐದೂ ಬ್ಯಾಂಡಲ್ಲೂ ಅಂಕಿ ಸರಿ ಬರೋ ಜಾಗ ಕೆಳಕ್ಕೆ ಸರಿದಿತ್ತು. ತಾನು ಹಿಡ್ಕೊಂಡಾಗ ಎಷ್ಟು ಸರೀತಿತ್ತೋ ಅಷ್ಟೇ, ಒಂದು ಕೂದಲೂ ಆಚೀಚೆ ಇಲ್ಲ.

ಯಾರೋ ಕಂಬ ಹಿಡ್ಕೊಂಡಿದ್ದಾರೆ.

ಟಾರ್ಚ್ ಬಿಟ್ಟಳು. ಯಾರೂ ಇಲ್ಲ. ಬಾವಿ ಕಟ್ಟೆ, ಹುಲ್ಲು, ಕಂಬ... ಅಷ್ಟೇ. ಗಾಳಿ ಇತ್ತು. ದೂರದ ಮಹಡೀಲಿ ಯಾರದೋ ಬೆಡ್‌ಶೀಟು ಪಟಪಟ ಬಡೀತಿತ್ತು. ರಾತ್ರಿಯೆಲ್ಲ ಸುಂಯ್... ಅಂತ ತೂಗ್ತಿದ್ದ ಕಂಬದ ತುದಿ ಮಾತ್ರ ಅಲ್ಲಾಡ್ತಿರಲಿಲ್ಲ. ಬುಡದ ಕಿರಕ್ ಕಿರಕ್ ಕೂಡ ನಿಂತುಹೋಗಿತ್ತು. ನೆಟ್ಟಗೆ, ಬಿಗಿಯಾಗಿ ಹಿಡಿದಿಟ್ಟ ಹಾಗೆ.

ಅವಳಿಗೆ ಭಯ ಆಗಲಿಲ್ಲ ಅಂತ ನಾನು ಹೇಳಲ್ಲ. ಎದೆ ಧಸಕ್ ಅಂತಂತೆ. ಮೂವತ್ತು ಹೆಜ್ಜೇಲಿ ಮನೆ, ಕಿಟಕೀಲಿ ದೊಡ್ಡಮ್ಮ ಹಚ್ಚಿಟ್ಟ ದೀಪ. ಓಡಿಬಿಡಬಹುದಿತ್ತು. ಓಡಿದ್ರೆ ಬೆಳಗ್ಗೆ ಏಳಕ್ಕೆ ಕಂಬ ಹೋಗುತ್ತೆ. ಅವಳು ಓಡಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು ಕಂಬದ ಹತ್ತಿರಕ್ಕೇ ಹೋಗಿ ಕೈಯಿಟ್ಟಳು. ಅಲ್ಯುಮಿನಿಯಂ ಮಂಜಿನ ಹಾಗೆ ಕೊರೀತಿತ್ತು. ಕೈ ಮೇಲೆ ಜರುಗಿಸಿದ್ಲು. ಎದೆ ಎತ್ತರದಲ್ಲಿ ಒಂದು ಅಂಗೈ ಅಗಲ... ಬೆಚ್ಚಗಿತ್ತು. ಅದರ ಮೇಲೆ ಇನ್ನೊಂದು ಅಂಗೈ ಅಗಲ, ಅದೂ ಬೆಚ್ಚಗಿತ್ತು.

ಬೆಂಕಿ ಮುಟ್ಟಿದ ಹಾಗೆ ಕೈ ಎಳ್ಕೊಂಡ್ಲು. ತಿರುಗಿ ಹತ್ತು ಹೆಜ್ಜೆ ನಡೆದು ಮೀಟರ್ ಕೈಗೆ ತಗೊಂಡು ಕಂಬದ ಕಡೆ ಮುಖ ಮಾಡಿ ನಿಂತಳು.

"ಅಪ್ಪ," ಅಂದ್ಲು, ಪಿಸುದನೀಲಿ. "ಕೈ ಬಿಡಿ."

ಮೂರು.

"ಬೋಲ್ಟು ಹೊಸದು ಹಾಕಿದ್ದೀನಿ. ಬೀಳಲ್ಲ. ಬಿಡಿ."

ಮೂರು... ಮೂರು ಪಾಯಿಂಟ್ ಒಂದು. ಇನ್ನೂ ಬಿಗಿಯಾಗಿ ಹಿಡಿದ ಹಾಗೆ.

ಆಗ ಅವಳ ಬಾಯಿ ಬಿಚ್ಚಿತು ನೋಡಿ. ಇಪ್ಪತ್ತೆಂಟು ವರ್ಷದಲ್ಲಿ ಅಪ್ಪನ ಮುಂದೆ ಆಡದ ಮಾತು, ಅಷ್ಟೂ ಆ ಕತ್ತಲಿಗೆ ಆಡಿದ್ಲು. ಕೂಗಲಿಲ್ಲ, ಸಣ್ಣ ದನಿಯಲ್ಲೇ.

"ಚಳೀಲಿ ನಿಂತೆ. ಬಿಸಿಲಲ್ಲಿ ನಿಂತೆ. ಪರೀಕ್ಷೆ ಹಿಂದಿನ ದಿನ ನಿಂತೆ, ಜ್ವರ ಬಂದಾಗ ನಿಂತೆ. ಒಂದಿನ ಸಾಕು ಅಂದ್ರಾ? ನೀನೂ ಒಂದು ಮಾತಾಡು ಅಂದ್ರಾ? ಆ ಗುರುತು ತಪ್ಪು ಅಪ್ಪ. ನಿಮ್ಮ ಲೆಕ್ಕವೇ ತಪ್ಪು. ನನ್ನನ್ನ ಬಿಟ್ಟು ಲೆಕ್ಕ ಹಾಕಿದ್ರಿ ನೀವು."

ಬೆಡ್‌ಶೀಟು ಪಟಪಟ ಅಂತಿತ್ತು.

"ಈಗ ನನ್ನ ಗೆರೆ. ನನ್ನ ಲೈಸೆನ್ಸು. ಇದನ್ನ ನೀವು ಹಿಡೀಬೇಕಾಗಿಲ್ಲ. ಸಹಾಯಕ್ಕೆ ಬಂದಿದ್ರೆ ದೊಡ್ಡ ಉಪಕಾರ, ಹತ್ತು ಹೆಜ್ಜೆ ಹಿಂದೆ ಹೋಗಿ. ತೊಂದರೆ ಕೊಡೋಕೆ ಬಂದಿದ್ರೆ... ಕೊಡಿ. ಬೆಳಗಾಗೋ ತನಕ ಇಲ್ಲೇ ಇರ್ತೀನಿ. ನಾನೂ ನಿಮ್ಮ ಮಗಳೇ."

ಅವಳು ಮೀಟರ್ ಹಿಡ್ಕೊಂಡೇ ನಿಂತಿದ್ಲು. ಎಷ್ಟು ಹೊತ್ತೋ ಅವಳಿಗೂ ಗೊತ್ತಿಲ್ಲ. ಮೀಟರಿನ ಬೆಳಕು ಅವಳ ಹೆಬ್ಬೆರಳ ಮೇಲೆ ಬೀಳ್ತಿತ್ತು.

ಆಮೇಲೆ...

ಚರಕ್.

ಒಣಹುಲ್ಲ ಮೇಲೆ ಹೆಜ್ಜೆ ಇಟ್ಟ ಸದ್ದು. ಕಂಬದ ಆಚೆ ಬದಿ. ಮೀಟರ್ ನೋಡಿದ್ಲು. ಎರಡು ಪಾಯಿಂಟ್ ಎಂಟು.

ಚರಕ್... ಚರಕ್. ಎರಡು ಪಾಯಿಂಟ್ ಒಂದು.

ಅಕ್ಕ ತಲೆ ಎತ್ತಲಿಲ್ಲ. ಎತ್ತಿ ನೋಡಿದ್ರೆ ಇಬ್ಬರಿಗೂ ಅವಮಾನ ಆಗುತ್ತೆ ಅನ್ನಿಸ್ತಂತೆ. ಬಾಯಲ್ಲಿ ಮಾತ್ರ ಎಣಿಸಿದ್ಲು. "ನಾಲ್ಕು... ಐದು..." ಆಚೆ ಕಡೆ ಮನಸ್ಸಿಲ್ಲದ ಮನಸ್ಸಿನಿಂದ ಇಟ್ಟ ಹಾಗೆ ನಿಧಾನವಾಗಿ ಚರಕ್... ಚರಕ್... ಏಳಕ್ಕೆ ಒಮ್ಮೆ ನಿಂತಿತು. "ಇನ್ನೂ ಮೂರು," ಅಂದ್ಲು. "ನನಗೆ ರಿಯಾಯಿತಿ ಕೊಟ್ಟಿದ್ರಾ ನೀವು?" ಮತ್ತೆ ಚರಕ್. ಎಂಟು. ಒಂಬತ್ತು. ಹತ್ತು.

ಒಂದು ಪಾಯಿಂಟ್ ಒಂದು.

ಕಂಬದ ತುದಿ ಸುಂಯ್... ಅಂತ ಮತ್ತೆ ತೂಗೋಕೆ ಶುರುವಾಯ್ತು. ಅವಳಿಗೆ ಅಳು ಬಂತು. ಗೆದ್ದದ್ದಕ್ಕೋ, ಅವರು ಮೊದಲ ಸಲ ಅವಳ ಮಾತು ಕೇಳಿದ್ದಕ್ಕೋ, ಅವಳೇ ಇವತ್ತಿಗೂ ಹೇಳಲ್ಲ. "ಅಲ್ಲೇ ಇರಿ," ಅಂದ್ಲು. ಕಣ್ಣೊರೆಸಿಕೊಂಡು ಐದೂ ಬ್ಯಾಂಡು ಮೊದಲಿಂದ ನೋಡಿದ್ಲು. ಎಲ್ಲವೂ ಒಂದೂವರೆ ಒಳಗೆ. ತುದಿ ಕಡ್ಡಿಗೂ ಗೆರೆ ಕೊರೆದು, ಸಾಮಾನು ಚೀಲಕ್ಕೆ ಹಾಕಿ, ಹಿಂದಕ್ಕೆ ತಿರುಗಿ ನೋಡದೆ ಮನೆಗೆ ಹೋದ್ಲು.

ಐದೂವರೆಗೆ ಹಿಂದಿನ ಕೋಣೇಲಿ ಕೂತು ಮೈಕು ಕೈಗೆ ತಗೊಂಡ್ಲು. ಯಾರಾದ್ರೂ ಇದ್ದೀರಾ ಅಂತ ತನ್ನ ಕರೆಗುರುತು ಹೇಳಿ ಮೂರು ಸಲ ಕರೆದ್ಲು. ಗರಗರ... ಗರಗರ. ನಾಲ್ಕನೇ ಸಲಕ್ಕೆ ಆ ಗರಗರದ ಒಳಗಿನಿಂದ ಒಂದು ಗಂಡಸಿನ ದನಿ ಬಂತು, ಯಾವುದೋ ಸಮುದ್ರದ ಮಧ್ಯದ ಹಡಗಿನಿಂದ. ಅವಳ ಕರೆಗುರುತನ್ನ ಸ್ಪಷ್ಟವಾಗಿ, ಅಕ್ಷರ ಅಕ್ಷರ ಬಿಡಿಸಿ ವಾಪಸ್ ಹೇಳ್ತು. ನಿಮ್ಮ ಮಾತು ಚೆನ್ನಾಗಿ ಬರ್ತಿದೆ, ಹೊಸಬರಾ ಅಂತ ಕೇಳ್ತು.

"ಇಪ್ಪತ್ತು ವರ್ಷದ ಹಳಬಳು. ಲೈಸೆನ್ಸ್ ಮಾತ್ರ ಹೊಸದು," ಅಂದ್ಲು ಅಕ್ಕ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಕೊಂಡ್ರು.

ಏಳಕ್ಕೆ ಸೆಕ್ರೆಟರಿ ಬಂದ್ರು. ಕಮಿಟಿಯ ಮೂವರು, ವೆಲ್ಡಿಂಗ್‌ನವನು, ಅವನ ಕೈಯಲ್ಲಿ ಪೈಪು ಕೊಯ್ಯೋ ಕಟ್ಟರು. ಇಸ್ತ್ರಿಯವನೂ ಬಂದಿದ್ದ, ಏನಾಗುತ್ತೋ ನೋಡೋಣ ಅಂತ. ಬಯಲೆಲ್ಲ ಇಬ್ಬನಿ ಬಿದ್ದು ಬೆಳ್ಳಗಾಗಿತ್ತು. ಸೆಕ್ರೆಟರಿ ನೇರ ಕಂಬದ ಹತ್ತಿರಕ್ಕೇ ನಡೆದ್ರು.

"ಸಾರ್, ಹಿಂದೆ ಬನ್ನಿ. ಎಲ್ಲರೂ ಹಿಂದೆ," ಅಂದ್ಲು ಅಕ್ಕ.

"ನಿಮ್ಮಪ್ಪನ ಥರಾನೇ ಗದರ್ತೀಯಲ್ಲಮ್ಮ," ಅಂತ ನಕ್ಕು ಅವರು ಕಂಬದ ಆಚೆ ಬದಿಗೆ ಹತ್ತು ಹೆಜ್ಜೆ ಸರಿದ್ರು. ಅಕ್ಕ ಮೀಟರು ಕಮಿಟಿಯವರ ಕೈಗೇ ಕೊಟ್ಟಳು, ನೀವೇ ಓದಿ ಅಂತ. ಒಂದು ಪಾಯಿಂಟ್ ಎರಡು. ಒಂದು ಪಾಯಿಂಟ್ ಮೂರು. ಒಂದು ಪಾಯಿಂಟ್ ಎರಡು. ಒಂದು ಪಾಯಿಂಟ್ ನಾಲ್ಕು. ಒಂದು ಪಾಯಿಂಟ್ ಒಂದು. ವೆಲ್ಡಿಂಗ್‌ನವನು ಯಾರೂ ಹೇಳದೆ ಕಟ್ಟರಿನ ವೈರು ಸುತ್ತೋಕೆ ಶುರು ಮಾಡಿದ.

ಸೆಕ್ರೆಟರಿ ಮಾತ್ರ ಮೀಟರ್ ಕಡೆ ನೋಡ್ತಿರಲಿಲ್ಲ. ತಮ್ಮ ಕಾಲ ಹತ್ತಿರ ನೆಲ ನೋಡ್ತಿದ್ರು.

"ಏನಮ್ಮ... ಇಲ್ಲಿ ರಾತ್ರಿ ಯಾರು ನಿಂತಿದ್ದು?"

"ಯಾಕೆ ಸಾರ್?"

ಅವರು ಬೆರಳು ತೋರಿಸಿದ್ರು. ಸುತ್ತಲೂ ಹುಲ್ಲೆಲ್ಲ ಇಬ್ಬನಿಯಿಂದ ತೊಯ್ದಿತ್ತು. ಅದರ ಮಧ್ಯ ಎರಡು ಪಾದದಷ್ಟು ಜಾಗ ಮಾತ್ರ ಒಣಗಿತ್ತು. ಅಕ್ಕಪಕ್ಕ, ಬೆರಳುಗಳು ಕಂಬದ ಕಡೆ. ರಾತ್ರಿ ಪೂರ್ತಿ ಅಲ್ಲೇ ನಿಂತು, ಈಗ ತಾನೇ ಹೊರಟುಹೋದ ಹಾಗೆ. ಬಂದ ಹೆಜ್ಜೆ ಇಲ್ಲ, ಹೋದ ಹೆಜ್ಜೆ ಇಲ್ಲ.

ಅಕ್ಕ ಬಂದು ನೋಡಿದ್ಲು. ತುಂಬ ಹೊತ್ತು ನೋಡಿದ್ಲು.

"ನನಗೆ ಸಹಾಯ ಮಾಡೋಕೆ ಒಬ್ಬರು ಬಂದಿದ್ರು," ಅಂದ್ಲು.

ಸೆಕ್ರೆಟರಿ ಚಪ್ಪಲಿ ಬಿಟ್ಟು ತಮ್ಮ ಪಾದ ಪಕ್ಕದಲ್ಲಿಟ್ಟು ಅಳತೆ ನೋಡಿದ್ರು, ಆಮೇಲೆ ಎರಡಡಿ ದೂರ ಸರಿದು ನಿಂತ್ರು. ಆ ಜಾಗಕ್ಕೆ ಬಿಸಿಲು ಬಂದು ಇಬ್ಬನಿಯೆಲ್ಲ ಆರೋ ತನಕ ಅಲ್ಲಿದ್ದ ಏಳು ಜನದಲ್ಲಿ ಒಬ್ಬರೂ ಅದನ್ನ ತುಳೀಲಿಲ್ಲ. ಸುಳ್ಳಲ್ಲ ಇದು. ಸೆಕ್ರೆಟರಿ ಇನ್ನೂ ಇದ್ದಾರೆ, ಇಸ್ತ್ರಿಯವನೂ ಇದ್ದಾನೆ, ಹೋಗಿ ಬೇರೆಬೇರೆಯಾಗಿ ಕೇಳಿ. ಇಬ್ಬರೂ ಅದೇ ಹೇಳ್ತಾರೆ. ಎರಡು ಪಾದ, ಒಣಗಿತ್ತು ಅಂತ.